ಬೀಟ್‌ರೂಟ್ ಸಸಿ ಬೆಳೆಸಿ ನಾಟಿ ಮಾಡುವ ಕ್ರಮ



ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು ಮುಂತಾದವುಗಳನ್ನು ಒಟ್ಲು ಹಾಕಿ, ಸಸಿ ಕಿತ್ತು ನಾಟಿ ಮಾಡುವುದು ಎಲ್ಲರಿಗೂ ತಿಳಿದ ಸಂಗತಿ. ಗೆಡ್ಡೆ ತರಕಾರಿಗಳ ವಿಷಯ ಬಂದಾಗ ಮಾತ್ರ "ಕಿತ್ತು ನೆಟ್ಟರೆ ಗೆಡ್ಡೆ ಕಟ್ಟುವುದಿಲ್ಲ" ಎಂಬ ಮಾತು ಊರೂರಲ್ಲೂ ಕೇಳಿಬರುತ್ತದೆ. ಕ್ಯಾರೆಟ್ ಮತ್ತು ಉದ್ದ ಮೂಲಂಗಿಯ ಮಟ್ಟಿಗೆ ಈ ಮಾತು ಸರಿಯೇ. ಬೀಟ್‌ರೂಟಿನ ಮಟ್ಟಿಗೆ ಅದು ಅರ್ಧ ಸತ್ಯ ಮಾತ್ರ.

ಕ್ಯಾರೆಟ್‌ನಲ್ಲಿ ನಾವು ತಿನ್ನುವುದು ಬಹುಪಾಲು ತಾಯಿಬೇರನ್ನೇ. ಕೀಳುವಾಗ ಅದರ ತುದಿ ಮುರಿದರೆ ಗೆಡ್ಡೆ ಕವಲೊಡೆಯುತ್ತದೆ, ಸೊಟ್ಟಗಾಗುತ್ತದೆ. ದುಂಡು ಬೀಟ್‌ರೂಟಿನಲ್ಲಿ ಉಬ್ಬುವುದು ಬೀಜದೆಲೆಗಳ ಕೆಳಗಿನ ಕಾಂಡದ ಭಾಗ ಮತ್ತು ಬೇರಿನ ಮೇಲ್ತುದಿ. ಕೆಳಗಿನ ಬೇರಿಗೆ ಸ್ವಲ್ಪ ಪೆಟ್ಟಾದರೂ ಸಸಿ ಚೇತರಿಸಿಕೊಂಡು ದುಂಡಗಿನ ಗೆಡ್ಡೆಯನ್ನೇ ಕಟ್ಟುತ್ತದೆ. ಇದು ಹೊಸ ಮಾತೂ ಅಲ್ಲ. ಜಪಾನಿನ ಹೊಕ್ಕೈಡೊ ದ್ವೀಪದಲ್ಲಿ ಬೇಸಿಗೆ ಬಹಳ ಚಿಕ್ಕದು. ಅಲ್ಲಿಯ ರೈತರು ಬೀಟ್‌ರೂಟಿನ ಸೋದರ ಬೆಳೆಯಾದ ಸಕ್ಕರೆ ಬೀಟಿನ ಸಸಿಗಳನ್ನು 1960ರ ದಶಕದಿಂದಲೂ ಕಾಗದದ ಕೊಳವೆಗಳಲ್ಲಿ ಬೆಳೆಸಿ, ಹಿಮದ ಕಾಲ ಮುಗಿದ ಕೂಡಲೇ ಹೊಲಕ್ಕೆ ನಾಟಿ ಮಾಡುವ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಅನುಸರಿಸಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಹಿಮದ ಕಾಟವಿಲ್ಲ. ಇಲ್ಲಿಯ ತೊಂದರೆಗಳೇ ಬೇರೆ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಭಾಗದ ಕೆಂಪು ಮಣ್ಣಿನಲ್ಲಿ ಬೀಜ ಬಿತ್ತಿದ ಮರುದಿನ ಒಂದು ಬಿರುಮಳೆ ಬಿದ್ದು, ಅದರ ಹಿಂದೆಯೇ ಬಿಸಿಲು ಕಾದರೆ ನೆಲದ ಮೇಲೆ ಹಕ್ಕಳೆ ಕಟ್ಟುತ್ತದೆ. ಒಳಗಿನ ಮೊಳಕೆ ಮೇಲೆ ಬರಲಾರದೆ ಮುರುಟಿ ಸಾಯುತ್ತದೆ. ಸಾಲಿನಲ್ಲಿ ಇಲ್ಲೊಂದು ಅಲ್ಲೊಂದು ಗಿಡ ಮಾತ್ರ ಕಾಣುತ್ತದೆ. ಮತ್ತೆ ಬಿತ್ತಬೇಕೆಂದರೆ ಬೀಜಕ್ಕೆ ಮತ್ತೆ ಹಣ ತೆರಬೇಕು. ಬೀಟ್‌ರೂಟ್ ಎರಡು ವರ್ಷದ ಗಿಡ. ಹಲವು ವಾರಗಳ ಕಾಲ ಒಳ್ಳೆಯ ಚಳಿ ತಾಗಿದ ಮೇಲಷ್ಟೇ ಅದು ಹೂಬಿಡುತ್ತದೆ. ಆದುದರಿಂದ ನಮ್ಮ ಬಯಲು ಸೀಮೆಯಲ್ಲಿ ರೈತನು ರಾಗಿಯಂತೆ, ಅವರೆಯಂತೆ ಮನೆಬೀಜ ಇಟ್ಟುಕೊಳ್ಳುವಂತಿಲ್ಲ. ಹಿಮಾಚಲ, ಕಾಶ್ಮೀರ, ನೀಲಗಿರಿಗಳಂಥ ತಂಪು ಸೀಮೆಯಲ್ಲಿ ಬೆಳೆದ ಬೀಜವನ್ನು ಪ್ರತಿ ಸಲವೂ ಕೊಂಡೇ ತರಬೇಕು. ಹಾಳಾದ ಪ್ರತಿಯೊಂದು ಬೀಜವೂ ಕೈಯಿಂದ ಹೋದ ಕಾಸೇ.

ಹಾಗೆಂದು ಎಕರೆಗಟ್ಟಲೆ ಜಮೀನಿಗೆ ಸಸಿ ನಾಟಿ ಮಾಡಿರೆಂದು ಹೇಳುವುದು ಸರಿಯಲ್ಲ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಅಂತರವಿಟ್ಟರೆ ಒಂದು ಗುಂಟೆಗೆ ಸುಮಾರು 3,350 ಸಸಿ ಬೇಕು. ಎಕರೆಗೆ 1,30,000ಕ್ಕೂ ಮೇಲೆ. ಆ ಕೂಲಿಯನ್ನು ಬೀಟ್‌ರೂಟಿನ ಬೆಲೆ ಎಲ್ಲಾ ವರ್ಷಗಳಲ್ಲೂ ಭರಿಸಲಾರದು. ದೊಡ್ಡ ತಾಕಿಗೆ ನೇರ ಬಿತ್ತನೆಯೇ ಸರಿ. ಮನೆಯ ಹಿತ್ತಲು, ಬಾವಿಯ ಪಕ್ಕದ ಐದಾರು ಪಾತಿ, ಶಾಲೆಯ ಕೈತೋಟ, ಸಂತೆಗೆ ವಾರ ವಾರವೂ ಸ್ವಲ್ಪ ಸ್ವಲ್ಪ ಒಯ್ಯುವ ಒಂದೆರಡು ಗುಂಟೆ, ಮತ್ತು ನೇರ ಬಿತ್ತಿದ ಹೊಲದಲ್ಲಿ ಬಿದ್ದ ಖಾಲಿ ಜಾಗ, ಇಂಥ ಕಡೆ ಸಸಿ ನಾಟಿ ನಿಜವಾಗಿ ಪ್ರಯೋಜನಕ್ಕೆ ಬರುತ್ತದೆ. ಹಿಂದಿನ ಬೆಳೆ ಇನ್ನೂ ಪಾತಿಯಲ್ಲಿರುವಾಗಲೇ ಸಸಿ ಬೆಳೆಯುತ್ತಿರುವುದರಿಂದ ಮೂರು ನಾಲ್ಕು ವಾರಗಳ ಕಾಲ ಪಾತಿಯ ನೀರು ಮತ್ತು ಜಾಗ ಎರಡೂ ಉಳಿಯುತ್ತವೆ.

ಈಗ ಬೀಜದ ವಿಷಯ. ಬೀಟ್‌ರೂಟಿನ ಪೊಟ್ಟಣ ಬಿಚ್ಚಿದಾಗ ಕಾಣುವ ಒರಟು, ಗಂಟುಗಂಟಾದ ಕಾಳು ಒಂದು ಬೀಜವಲ್ಲ. ಅದು ಹಲವು ಹೂಗಳು ಒಟ್ಟಿಗೆ ಬೆಸೆದು ಒಣಗಿದ ಗೊಂಚಲು. ಅದರೊಳಗೆ ಎರಡರಿಂದ ಐದಾರು ನಿಜವಾದ ಬೀಜಗಳಿರುತ್ತವೆ. ಆದ್ದರಿಂದಲೇ ಒಂದು ಕಾಳು ಬಿತ್ತಿದರೆ ಎರಡು ಮೂರು ಮೊಳಕೆ ಒಂದೇ ಕಡೆ ಏಳುತ್ತವೆ. ಸಕ್ಕರೆ ಬೀಟಿನಲ್ಲಿ ಇದೇ ಕಾರಣಕ್ಕೆ ಸಸಿ ತೆಗೆಯುವ ಕೂಲಿ ವಿಪರೀತವಾಗಿತ್ತು. 1948ರಲ್ಲಿ ಅಮೆರಿಕದಲ್ಲಿ ಸವಿಟ್ಸ್ಕಿ ಎಂಬ ವಿಜ್ಞಾನಿ ಹೊಲದಲ್ಲಿ ಹುಡುಕಿ ಹುಡುಕಿ ಒಂಟಿ ಬೀಜದ ಗಿಡಗಳನ್ನು ಪತ್ತೆ ಹಚ್ಚಿದ ಮೇಲೆ ಆ ಬೆಳೆಯ ರೂಪವೇ ಬದಲಾಯಿತು. ತರಕಾರಿ ಬೀಟ್‌ರೂಟಿನಲ್ಲಿಯೂ ಒಂಟಿ ಬೀಜದ ತಳಿಗಳಿವೆ. ಆದರೆ ನಮ್ಮ ರೈತರಿಗೆ ಪರಿಚಿತವಾದ ಡೆಟ್ರಾಯ್ಟ್ ಡಾರ್ಕ್ ರೆಡ್, ಕ್ರಿಮ್ಸನ್ ಗ್ಲೋಬ್ ಮುಂತಾದವು ಗೊಂಚಲು ಬೀಜದವೇ.

ಈ ಗೊಂಚಲಿನ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ಪದಾರ್ಥಗಳಿರುತ್ತವೆ. ಅವು ನೀರಿನಲ್ಲಿ ಕರಗುತ್ತವೆ. ಬಿತ್ತುವ ಹಿಂದಿನ ಸಂಜೆ ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ನೀರಿನಲ್ಲಿ ಮುಳುಗಿಸಿ, ಮಲಗುವ ಮುನ್ನ ಒಮ್ಮೆ ನೀರು ಬದಲಿಸಿ, ಬೆಳಿಗ್ಗೆ ಎತ್ತಿ ಚೆನ್ನಾಗಿ ತೊಳೆದು ನೆರಳಲ್ಲಿ ಆರಿಸಬೇಕು. ತೊಳೆದ ನೀರು ಕಂದು ಬಣ್ಣಕ್ಕೆ ತಿರುಗುವುದನ್ನು ನೋಡಿದರೆ ಒಳಗೇನಿತ್ತೆಂಬುದು ತಿಳಿಯುತ್ತದೆ. ಹನ್ನೆರಡು ಗಂಟೆಗೆ ಮೀರಿ ನೆನೆಯಿಡಬಾರದು. ಗಾಳಿಯಿಲ್ಲದೆ ಬೀಜ ಉಸಿರು ಕಟ್ಟುತ್ತದೆ. ಕೆಂಪು, ನೀಲಿ, ಹಸಿರು ಬಣ್ಣ ಲೇಪಿಸಿದ ಬೀಜವಾದರೆ ಅದಕ್ಕೆ ಮೊದಲೇ ಔಷಧೋಪಚಾರವಾಗಿದೆ ಎಂದು ಅರ್ಥ. ಅದನ್ನು ನೆನೆಸಿದರೆ ಔಷಧವೆಲ್ಲ ತೊಳೆದು ಹೋಗುವುದರಿಂದ ಹಾಗೆಯೇ ಬಿತ್ತಬೇಕು. ಅಂಥ ಬೀಜವನ್ನು ಕೋಳಿಗಳ ಬಾಯಿಗೆ ಸಿಗುವಂತೆ ಇಡಬಾರದು.

ಹಳೆಯ ಪೊಟ್ಟಣವಾದರೆ ಮೊಳಕೆ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು. ವಿಸ್ತರಣಾ ಕಾರ್ಯಕರ್ತರು ಇದನ್ನು ಹಳ್ಳಿಯಲ್ಲಿಯೇ ತೋರಿಸಬಹುದು. 50 ಕಾಳುಗಳನ್ನು ಒದ್ದೆ ಗೋಣಿ ತುಂಡಿನಲ್ಲಿ ಸುತ್ತಿಟ್ಟು, ಒಂದು ವಾರದ ನಂತರ ಎಣಿಸಬೇಕು. ಎಣಿಸಬೇಕಾದುದು ಮೊಳಕೆಗಳನ್ನಲ್ಲ, ಮೊಳೆತ ಕಾಳುಗಳನ್ನು. ಒಂದೊಂದು ಕಾಳಿನಿಂದ ಮೂರು ಮೊಳಕೆ ಬಂದಿರುವಾಗ ಮೊಳಕೆಗಳನ್ನು ಎಣಿಸಿದರೆ ಅರ್ಧ ಬೀಜ ಸತ್ತಿದ್ದರೂ ಲೆಕ್ಕ ಪೂರ್ತಿಯಾದಂತೆ ಕಾಣುತ್ತದೆ.

ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು ಪಾತಿಗೆ ಸುಮಾರು 125 ಸಸಿ ಸಾಕು. ಒಂದು ಗ್ರಾಂಗೆ ಸರಾಸರಿ 50 ಕಾಳು ತೂಗುವುದರಿಂದ 3 ಗ್ರಾಂ ಬೀಜ ಧಾರಾಳವಾಯಿತು. ಇಷ್ಟಕ್ಕೆ ಮೂರು ಅಡಿ ಉದ್ದ, ಎರಡು ಅಡಿ ಅಗಲದ ಒಟ್ಲು ಸಾಕು. ಅದನ್ನು ನೆಲಮಟ್ಟದಿಂದ ನಾಲ್ಕೈದು ಅಂಗುಲ ಎತ್ತರಿಸಿ, ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಮರಳನ್ನೂ ಬೆರೆಸಬೇಕು. ಗೊಬ್ಬರಕ್ಕೆ ಟ್ರೈಕೋಡರ್ಮ ಬೆರೆಸಿ ಒಂದು ವಾರ ನೆರಳಿನಲ್ಲಿ ತೇವವಾಗಿ ಇಟ್ಟು ಬಳಸಿದರೆ ಸಸಿ ಕೊಳೆ ರೋಗ ಹತೋಟಿಯಲ್ಲಿರುತ್ತದೆ. ಮೂರು ಅಂಗುಲಕ್ಕೊಂದು ಗೀರು ಎಳೆದು, ಅದರಲ್ಲಿ ಅಂಗುಲಕ್ಕೊಂದು ಕಾಳು ಇಟ್ಟು, ಮುಕ್ಕಾಲು ಅಂಗುಲ ದಪ್ಪ ಪುಡಿಗೊಬ್ಬರ ಮುಚ್ಚಬೇಕು. ಹಕ್ಕಳೆ ಕಟ್ಟುವ ಕೆಂಪು ಮಣ್ಣನ್ನು ಮೇಲೆ ಮುಚ್ಚುವುದು ಬೇಡ. ತೆಳ್ಳಗೆ ರಾಗಿ ಹುಲ್ಲು ಹೊದಿಸಿ ರೋಸ್‌ಕ್ಯಾನಿನಿಂದ ನೀರು ಕೊಡಬೇಕು. ಐದಾರು ದಿನಗಳಲ್ಲಿ ಮೊಳಕೆ ಕಾಣಿಸಿದ ಕೂಡಲೇ, ಸಂಜೆಯ ವೇಳೆ ಹುಲ್ಲನ್ನು ತೆಗೆಯಬೇಕು. ಒಂದೆರಡು ದಿನ ತಡಮಾಡಿದರೂ ಸಸಿಗಳು ಬಿಳಿಚಿಕೊಂಡು ಉದ್ದುದ್ದ ಬೆಳೆಯುತ್ತವೆ.

98 ಗುಳಿಗಳ ಪ್ಲಾಸ್ಟಿಕ್ ಟ್ರೇಗಳು ಇಂದು ಹಳ್ಳಿಗಳಲ್ಲಿಯೂ ದೊರೆಯುತ್ತವೆ. ಅವುಗಳಲ್ಲಿ ಬೆಳೆಸಿದರೆ ಬೇರು ಮಣ್ಣಿನ ಹೆಂಟೆಯೊಡನೆ ಬರುವುದರಿಂದ ನಾಟಿಯ ಪೆಟ್ಟು ಕಡಿಮೆ. ತುಂಬುವ ತೆಂಗಿನ ನಾರಿನ ಪುಡಿ ಚೆನ್ನಾಗಿ ತೊಳೆದದ್ದಾಗಿರಬೇಕು. ಬೆಳೆದ ಬೀಟ್‌ರೂಟ್ ಗಿಡ ಉಪ್ಪನ್ನು ಬೇರೆ ತರಕಾರಿಗಳಿಗಿಂತ ಹೆಚ್ಚು ತಾಳಿಕೊಳ್ಳುತ್ತದೆಂಬುದು ನಿಜ. ಆದರೆ ಮೊಳಕೆಗೆ ಆ ಶಕ್ತಿಯಿಲ್ಲ. ಸವುಳು ನೀರಿನ ಕೊಳವೆಬಾವಿ ಇರುವವರು ಸಸಿ ಏಳುವವರೆಗಾದರೂ ಸಿಹಿನೀರು ಹಾಕುವುದು ಲೇಸು.

ಎರಡು ನಿಜ ಎಲೆಗಳು ಕಂಡಾಗ ಪ್ರತಿ ಗುಂಪಿನಲ್ಲಿ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವುಗಳನ್ನು ಕತ್ತರಿಯಿಂದಲೋ ಉಗುರಿನಿಂದಲೋ ಚಿವುಟಬೇಕು. ಎಳೆದು ಕಿತ್ತರೆ ಉಳಿಸಬೇಕಾದ ಸಸಿಯ ಬೇರೂ ಅಲುಗುತ್ತದೆ. ಚಿವುಟಿದ ಎಳೆ ಸೊಪ್ಪು ಪಲ್ಯಕ್ಕೆ ಬರುತ್ತದೆ. ಪಾಲಕ್ ಸೊಪ್ಪು ಇದೇ ಜಾತಿಯ ಗಿಡವಲ್ಲವೇ. ಈ ಹಂತದಲ್ಲಿ ಸಸಿಗಳ ಬುಡ ಕಪ್ಪಾಗಿ, ದಾರದಂತೆ ಸಣಕಲಾಗಿ ಮಗುಚಿ ಬೀಳತೊಡಗಿದರೆ ನೀರು ಹೆಚ್ಚಾಯಿತೆಂದೇ ತಿಳಿಯಬೇಕು. ನೀರನ್ನು ಕಡಿಮೆ ಮಾಡಿ, ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡ ತೋಯಿಸಿದರೆ ಉಳಿದವನ್ನಾದರೂ ಉಳಿಸಿಕೊಳ್ಳಬಹುದು.

ಒಂದೇ ಸಸಿ ಉಳಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ. ಟ್ರೇಯ ಗುಳಿಗೆ ಎರಡು ಕಾಳು ಹಾಕಿ, ಎದ್ದವುಗಳಲ್ಲಿ ಮೂರು ಸಸಿ ಬಿಟ್ಟು, ಗುಂಪನ್ನು ಹಾಗೆಯೇ 30 ಸೆಂಟಿಮೀಟರ್ ಸಾಲಿನಲ್ಲಿ 25 ಸೆಂಟಿಮೀಟರಿಗೊಂದರಂತೆ ನೆಡಬಹುದು. ಗೆಡ್ಡೆಗಳು ಬಲಿಯುತ್ತಾ ಒಂದನ್ನೊಂದು ಪಕ್ಕಕ್ಕೆ ತಳ್ಳಿ ತಮ್ಮ ಜಾಗ ತಾವೇ ಮಾಡಿಕೊಳ್ಳುತ್ತವೆ. ಮೇಲೆ ಹೇಳಿದ ಪಾತಿಗೆ ಆಗ 50 ಗುಂಪು, ಅಂದರೆ ಅರ್ಧ ಟ್ರೇ ಸಾಕು. ನೆಡುವ ಕೆಲಸ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಬಗ್ಗಿ ನೆಡುವವರು ಹೆಚ್ಚಾಗಿ ಹೆಂಗಸರೇ ಆದುದರಿಂದ ಈ ಲೆಕ್ಕ ಸಣ್ಣದಲ್ಲ. ಗೆಡ್ಡೆ ಒಂದೇ ಗಾತ್ರಕ್ಕೆ ಬರುವುದಿಲ್ಲ ಎಂಬುದು ಇದರ ಕೊರತೆ. ಮನೆ ಬಳಕೆಗೆ ಅದೇ ಅನುಕೂಲ.

ನಾಟಿಯ ವಯಸ್ಸಿನ ಬಗ್ಗೆ ಮಾತ್ರ ರಿಯಾಯಿತಿ ಇಲ್ಲ. ಟ್ರೇಯ ಸಸಿ ಮೂರು ವಾರಕ್ಕೆ, ಒಟ್ಲಿನ ಸಸಿ ಹೆಚ್ಚೆಂದರೆ ನಾಲ್ಕು ವಾರಕ್ಕೆ, ಮೂರು ನಾಲ್ಕು ಎಲೆ ಇರುವಾಗ ಪಾತಿ ಸೇರಬೇಕು. ಮಳೆಗಾಗಿ, ಆಳಿಗಾಗಿ ಕಾಯುತ್ತಾ ಕುಳಿತರೆ ಟ್ರೇಯ ತಳ ಮುಟ್ಟಿದ ತಾಯಿಬೇರು ಸುರುಳಿ ಸುತ್ತಿಕೊಳ್ಳುತ್ತದೆ. ಅಂಥ ಸಸಿಯಿಂದ ಸೊಪ್ಪು ಬರುತ್ತದೆಯೇ ಹೊರತು ಒಳ್ಳೆಯ ಗೆಡ್ಡೆ ಬರುವುದಿಲ್ಲ. "ಕಿತ್ತು ನೆಟ್ಟರೆ ಗೆಡ್ಡೆ ಕಟ್ಟುವುದಿಲ್ಲ" ಎಂಬ ಮಾತಿನ ಹಿಂದೆ ಅನೇಕ ವೇಳೆ ಇಂಥ ಮುದಿ ಸಸಿಗಳೇ ಇರುತ್ತವೆ.

ಪಾತಿಗೆ ಎರಡು ಮಂಕರಿ ಪೂರ್ಣ ಕಳಿತ ಗೊಬ್ಬರ ಸಾಕು. ಹಸಿ ಸಗಣಿಗೊಬ್ಬರ ಹಾಕಿದರೆ ಗೆಡ್ಡೆ ಕವಲೊಡೆಯುತ್ತದೆ. ಬೋರಾನ್ ಕೊರತೆಯಿರುವ ಮಣ್ಣಿನಲ್ಲಿ ಸುಳಿ ಎಲೆಗಳು ಮುರುಟಿ, ಗೆಡ್ಡೆಯ ಒಳಗೆ ಕಪ್ಪು ಕಲೆಗಳು ಬೀಳುತ್ತವೆ. ಅಂಥ ಕಡೆ ನಾಟಿಗೆ ಮೊದಲು ಈ ಪಾತಿಗೆ 4 ಗ್ರಾಂ, ಅಂದರೆ ಚಹಾ ಚಮಚೆಯಲ್ಲಿ ಮಟ್ಟಸವಾಗಿ ಒಂದು ಅಳತೆ ಬೋರಾಕ್ಸನ್ನು ಒಂದು ಕ್ಯಾನ್ ನೀರಿನಲ್ಲಿ ಕರಗಿಸಿ ಸಮನಾಗಿ ಚಿಮುಕಿಸಬೇಕು. ಒಳ್ಳೆಯದೆಂದು ಎರಡು ಚಮಚೆ ಹಾಕಿದರೆ ಮುಂದೆ ಅದೇ ಪಾತಿಯಲ್ಲಿ ಹಾಕುವ ಹುರುಳಿಕಾಯಿಗೆ ಅದು ವಿಷವಾಗುತ್ತದೆ.

ನಾಟಿಗೆ ನಾಲ್ಕೈದು ದಿನ ಮೊದಲು ನೀರನ್ನು ಸ್ವಲ್ಪ ತಡೆದು ಸಸಿಯನ್ನು ಬಿಸಿಲಿಗೆ ಪಳಗಿಸಬೇಕು. ಕೀಳುವ ಎರಡು ಗಂಟೆ ಮೊದಲು ತುಂಬ ನೀರು ಕೊಟ್ಟು, ಒಟ್ಲನ್ನು ಕೈಗುದ್ದಲಿಯಿಂದ ಆಳವಾಗಿ ಎತ್ತಿ ಸಸಿ ಬಿಡಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಡಬೇಕು. ಇಳಿಹೊತ್ತಿನಲ್ಲಿ, ಬೆರಳು ಗಾತ್ರದ ಗೂಟದಿಂದ ಬೇರಿಗಿಂತ ಆಳವಾದ ಗುಳಿ ಮಾಡಿ, ಸಸಿಯನ್ನು ಸ್ವಲ್ಪ ಹೆಚ್ಚು ಆಳಕ್ಕೆ ಇಳಿಸಿ, ಮೆಲ್ಲಗೆ ಮೇಲೆಳೆದರೆ ಮಡಚಿದ ಬೇರು ನೇರವಾಗುತ್ತದೆ. ಮಡಚಿದ ಬೇರನ್ನು ಹಾಗೆಯೇ ಮುಚ್ಚುವುದು ನಾಟಿಯಲ್ಲಿ ಆಗುವ ತಪ್ಪುಗಳಲ್ಲೆಲ್ಲ ದೊಡ್ಡದು. ಸುಳಿ ಮಣ್ಣಿನಿಂದ ಮೇಲಿರಲಿ, ಬುಡ ಅಲುಗಾಡದಿರಲಿ. ಕೂಡಲೇ ನೀರು ಕೊಟ್ಟು, ಎರಡು ಮೂರು ದಿನ ಹೊಂಗೆ ಸೊಪ್ಪಿನ ನೆರಳು ಮಾಡಬೇಕು. ಹೊರಗಿನ ಎಲೆಗಳು ಬಾಡಿ ನೆಲಕ್ಕೆ ಬಿದ್ದರೆ ಗಾಬರಿಯಾಗಬೇಕಿಲ್ಲ. ಸುಳಿ ಹಸಿರಾಗಿ ನಿಂತಿದ್ದರೆ ಸಸಿ ಹಿಡಿದುಕೊಂಡಿತೆಂದು ಅರ್ಥ.

ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಒಟ್ಲು ಹಾಕಿದರೆ ತಂಪಿನಲ್ಲಿ ಗೆಡ್ಡೆ ಬಲಿತು ಬಣ್ಣ ಗಾಢವಾಗಿ ಬರುತ್ತದೆ. ಕಡು ಬೇಸಿಗೆಯಲ್ಲಿ ಬೆಳೆದ ಗೆಡ್ಡೆಯನ್ನು ಕತ್ತರಿಸಿದಾಗ ಬಿಳಿ ಬಳೆಗಳು ಕಾಣುವುದು ಸೆಕೆಯಿಂದ, ರೋಗದಿಂದಲ್ಲ. ನಾಟಿ ಮಾಡಿದ ಬೆಳೆ ಚೇತರಿಸಿಕೊಳ್ಳಲು ತೆಗೆದುಕೊಂಡ ವಾರ ಹತ್ತು ದಿನಗಳಷ್ಟು ತಡವಾಗಿ ಕೊಯ್ಲಿಗೆ ಬರುತ್ತದೆ. ಗುಂಪು ನಾಟಿಯಲ್ಲಿ ಎರಡು ಅಂಗುಲ ಗಾತ್ರ ಮೀರಿದ ಗೆಡ್ಡೆಯನ್ನು ಮೊದಲು ತಿರುಚಿ ಕಿತ್ತು, ಚಿಕ್ಕವುಗಳ ಬುಡಕ್ಕೆ ಮಣ್ಣು ಏರಿಸಿ ನೀರು ಕೊಟ್ಟರೆ ಅವೂ ಎರಡು ಮೂರು ವಾರಗಳಲ್ಲಿ ದಪ್ಪವಾಗುತ್ತವೆ. ಸಂತೆಗೆ ಒಯ್ಯುವಾಗ ಸೊಪ್ಪನ್ನು ಬುಡಕ್ಕೇ ಕೊಯ್ಯದೆ ಒಂದೆರಡು ಅಂಗುಲ ತೊಟ್ಟು ಬಿಡಬೇಕು, ಬಾಲಬೇರನ್ನೂ ಕತ್ತರಿಸಬಾರದು. ಗಾಯವಾದ ಗೆಡ್ಡೆಯ ಬಣ್ಣವೆಲ್ಲ ಬೇಯಿಸುವ ನೀರಿಗೆ ಇಳಿದುಹೋಗುತ್ತದೆ.