ಗಂಟಿಗೆ ಸೂಜಿ: ಹೆದರಬೇಡಿ, ಅರ್ಧಕ್ಕೆ ಬಿಡಬೇಡಿ

(ಯಶವಂತನಗರದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೊಮ್ಮೆ ಸಂಘದ ಸಭೆ ಮುಗಿದ ಮೇಲೆ ಒಬ್ಬ ಅಕ್ಕ ಸೆರಗು ಸರಿಸಿ ತಲೆ ಮೇಲಿನ ಗಂಟು ತೋರಿಸಿದರು. "ನಾಲ್ಕು ವರ್ಷ ಆತು ಸಿಸ್ಟರ್, ನೋವಿಲ್ಲ. ಡಾಕ್ಟ್ರು ಸೂಜಿ ಹಾಕಿ ನೋಡಾನ ಅಂತಾರೆ. ಸೂಜಿ ಚುಚ್ಚಿದ್ರೆ ಗಂಟು ಕೆರಳ್ತದಂತಲ್ರೀ?" ಅಂದರು. ಈ ಭಯ ನಿಮ್ಮಲ್ಲೂ ಹಲವರಿಗೆ ಇದೆ.

ನಮ್ಮ ಚರ್ಮದಲ್ಲಿ ಲಕ್ಷಗಟ್ಟಲೆ ಬೆವರಿನ ಗ್ರಂಥಿಗಳಿವೆ. ಅಪರೂಪಕ್ಕೆ ಅವುಗಳಲ್ಲಿ ಗಡ್ಡೆ ಬೆಳೆಯುತ್ತದೆ. ತಲೆ, ಮುಖ, ಕಂಕುಳು, ಅಂಗೈ, ಅಂಗಾಲು, ಎಲ್ಲಿ ಬೇಕಾದರೂ ಬರಬಹುದು. ಹೆಚ್ಚಿನವು ಅಪಾಯವಿಲ್ಲದವು, ಕೆಲವು ಮಾತ್ರ ಕ್ಯಾನ್ಸರ್. ಹೊರಗಿನಿಂದ ನೋಡಿದರೆ ಕೊಬ್ಬಿನ ಗಂಟಿನ ಹಾಗೆಯೇ ಕಾಣಬಹುದು.

ಅದಕ್ಕೇ ಸೂಜಿ ಪರೀಕ್ಷೆ. ಚೀಟಿಯಲ್ಲಿ ಎಫ್.ಎನ್.ಎ.ಸಿ. ಎಂದು ಬರೆದಿರುತ್ತಾರೆ. ಇಂಜೆಕ್ಷನ್ನಿನಂಥ ತೆಳು ಸೂಜಿಯಿಂದ ಗಂಟಿನೊಳಗಿನ ಜೀವಕೋಶ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ, ಆಸ್ಪತ್ರೆಗೆ ಸೇರಬೇಕಿಲ್ಲ. ಸೂಜಿಯಿಂದ ಸಾದಾ ಗಂಟು ಕ್ಯಾನ್ಸರ್ ಆಗುವುದಿಲ್ಲ. ಕ್ಯಾನ್ಸರ್ ಇದ್ದರೂ ಸೂಜಿಯಿಂದ ಹರಡುವುದು ತೀರಾ ಅಪರೂಪ.

ಆದರೆ ಒಂದು ಮಾತು. ಒಂದು ಅಗುಳು ಹಿಸುಕಿ ಅನ್ನ ಬೆಂದಿತೋ ಇಲ್ಲವೋ ಹೇಳುತ್ತೇವೆ. ಬೆವರು ಗ್ರಂಥಿಯ ಗಡ್ಡೆ ಅನ್ನದ ಹಾಗಲ್ಲ, ಬೇಳೆ ಸಾರಿನ ಹಾಗೆ. ಕೆಲವು ಗಡ್ಡೆಗಳಲ್ಲಿ ಒಂದು ಕಡೆ ನೀರು, ಇನ್ನೊಂದು ಕಡೆ ಗಟ್ಟಿ. ಸೌಟಿಗೆ ತಿಳಿನೀರು ಬಂತೆಂದು ತಳದಲ್ಲಿ ಬೇಳೆ ಇಲ್ಲವೆನ್ನಲಾದೀತೇ? ಇಂಥ ಗಡ್ಡೆಗಳು ಅಪರೂಪ, ಬಗೆಗಳೂ ಹಲವು. ಹಾಗಾಗಿ ಎಷ್ಟೋ ಸಲ ಸೂಜಿ ದಾರಿ ತೋರಿಸುತ್ತದೆ, ಪೂರ್ತಿ ಉತ್ತರ ಕೊಡುವುದಿಲ್ಲ. ಆಗ ಗಂಟನ್ನೇ ತೆಗೆದು ಪರೀಕ್ಷಿಸಬೇಕು. ಇದು ಡಾಕ್ಟರ ತಪ್ಪಲ್ಲ, ದುಡ್ಡಿನ ಆಸೆಯೂ ಅಲ್ಲ.

ಆ ಅಕ್ಕ ಧೈರ್ಯ ಮಾಡಿ ಪರೀಕ್ಷೆ ಮಾಡಿಸಿದರು. "ಬೆವರು ಗ್ರಂಥಿಯ ಗಡ್ಡೆ ಇರಬಹುದು, ತೆಗೆದು ಖಚಿತಪಡಿಸಿ" ಎಂದು ಬಂತು. "ಕ್ಯಾನ್ಸರ್ ಅಂತ ಬರೆದಿಲ್ಲಲ್ಲ" ಎಂದು ಚೀಟಿ ಮಡಚಿಟ್ಟು ಇನ್ನೂ ಮನೆಯಲ್ಲೇ ಇದ್ದಾರೆ. ನನಗೆ ಇದೇ ಚಿಂತೆ.

ಗಂಟು ಬೇಗ ದೊಡ್ಡದಾದರೆ, ಹುಣ್ಣಾದರೆ, ರಕ್ತ ಸೋರಿದರೆ, ತೆಗೆದ ಜಾಗದಲ್ಲೇ ಮತ್ತೆ ಬಂದರೆ ತಡ ಮಾಡಬೇಡಿ. ಮೊದಲು ಸಂಡೂರಿನ ಸರ್ಕಾರಿ ಆಸ್ಪತ್ರೆ, ಅಲ್ಲಿಂದ ಬರೆದುಕೊಟ್ಟರೆ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ. ಬಿಪಿಎಲ್ ಕಾರ್ಡು, ಆಧಾರ್, ಹಳೆಯ ಚೀಟಿ ಎಲ್ಲ ಜೊತೆಗಿರಲಿ.

ಸಂಘದ ಕಂತು ಒಂದು ವಾರವೂ ತಪ್ಪಿಸದವರು ನಾವು. ಆಸ್ಪತ್ರೆಯ ಎರಡನೇ ಕಂತನ್ನೂ ತಪ್ಪಿಸುವುದು ಬೇಡ. ಆ ಅಕ್ಕನ ಜೊತೆ ಬಳ್ಳಾರಿಗೆ ಹೋಗಲು ಇಬ್ಬರು ಬೇಕು. ಯಾರು ಬರ್ತೀರಿ, ಕೈ ಎತ್ತಿ.