ಗಂಧಕದ ಮೂರನೆಯ ರೂಪ



ಗಂಧಕವನ್ನು ನೋಡದವರು ನಮ್ಮಲ್ಲಿ ವಿರಳ. ಗ್ರಂಧಿಗೆ ಅಂಗಡಿಯಲ್ಲಿ ಅದು ಹಳದಿಯ ತುಂಡುಗಳಾಗಿ ದೊರೆಯುತ್ತದೆ. ಬಾಣಬಿರುಸುಗಳ ಮದ್ದಿನಲ್ಲಿಯೂ ಸೇರಿರುತ್ತದೆ. ಇಷ್ಟು ಪರಿಚಿತವಾದ ಈ ವಸ್ತುವಿಗೆ ಪ್ರಕೃತಿಯಲ್ಲಿ ಒಂದು ಅಪೂರ್ವ ರೂಪವುಂಟೆಂಬುದು ಬಹುಮಂದಿಗೆ ತಿಳಿಯದು. ಅದರ ಹೆಸರು ರೊಸಿಟ್ಸ್ಕಿಯೈಟ್.

ಒಂದೇ ವಸ್ತುವಿಗೆ ಹಲವು ರೂಪಗಳು ಹೇಗೆ ಸಾಧ್ಯ? ಗಂಧಕದ ಎಂಟು ಪರಮಾಣುಗಳು ಒಂದನ್ನೊಂದು ಹಿಡಿದು, ಕಿರೀಟದಂತೆ ಮೇಲಕ್ಕೂ ಕೆಳಕ್ಕೂ ಬಾಗಿದ ಉಂಗುರವಾಗುತ್ತವೆ. ಈ ಉಂಗುರವೇ ಅದರ ಅಣು. ಬಳೆಗಾರನು ಒಂದೇ ಅಳತೆಯ ಬಳೆಗಳನ್ನು ಮಲಾರದಲ್ಲಿ ಒಂದು ರೀತಿಯಾಗಿ ಪೋಣಿಸುತ್ತಾನೆ, ಪೆಟ್ಟಿಗೆಯಲ್ಲಿ ಮತ್ತೊಂದು ರೀತಿಯಾಗಿ ಜೋಡಿಸುತ್ತಾನೆ. ಬಳೆ ಮಾತ್ರ ಅದೇ. ಗಂಧಕದ ರೂಪಭೇದವೂ ಇಂಥ ಜೋಡಣೆಯ ಭೇದವೇ. ನಾವು ಕಾಣುವ ಸಾಮಾನ್ಯ ಗಂಧಕವು ಮೊದಲನೆಯದು. ಉಷ್ಣತೆಯು ಸುಮಾರು 95 ಡಿಗ್ರಿ ಸೆಂಟಿಗ್ರೇಡನ್ನು ಮೀರಿದಾಗ ಎರಡನೆಯದು ಸ್ಥಿರವಾಗುತ್ತದೆ. ಮುತ್ತಿನ ಚಿಪ್ಪಿನಂತೆ ಹೊಳೆಯುವ ಮೂರನೆಯದನ್ನು ಜರ್ಮನಿಯ ಮೂಥ್‌ಮನ್ ಎಂಬ ರಸಾಯನಶಾಸ್ತ್ರಜ್ಞರು 1890ರಲ್ಲಿ ವಿವರಿಸಿದರು.

ಆದರೆ ಅದು ಪ್ರಯೋಗಶಾಲೆಯ ಹರಳು. ನೆಲದಲ್ಲಿ ತಾನಾಗಿ ಹುಟ್ಟಿದ ಹರಳುಗಳನ್ನು ಚೆಕೊಸ್ಲೊವಾಕಿಯದ ಮೊರೇವಿಯ ಪ್ರಾಂತದಲ್ಲಿ, ಲೆಟೊವಿತ್ಸೆ ಪಟ್ಟಣದ ಬಳಿಯ ಹಾವೀರ್ನಾದಲ್ಲಿ ಗುರುತಿಸಿದವರು ಯೋಸೆಫ್ ಸೆಕನೀನಾ. ಗಂಧಕವೂ ಕಬ್ಬಿಣವೂ ಕೂಡಿದ ಪೈರೈಟ್ ಎಂಬ ಖನಿಜವು ಶಿಥಿಲವಾಗಿ, ಕಬ್ಬಿಣವು ತುಕ್ಕಿನ ಉಂಡೆಗಳಾಗಿ ಉಳಿದಿತ್ತು. ಆ ಉಂಡೆಗಳ ಪೊಳ್ಳುಗಳಲ್ಲಿ ಈ ಸಣ್ಣ ಹರಳುಗಳಿದ್ದವು. 1931ರಲ್ಲಿ ಅವರು ಅದಕ್ಕೆ ಬ್ರನೊ ನಗರದ ಮಸರಿಕ್ ವಿಶ್ವವಿದ್ಯಾನಿಲಯದ ಖನಿಜಶಾಸ್ತ್ರದ ಪ್ರಾಧ್ಯಾಪಕರಾದ ವೊಯ್ತೆಖ್ ರೊಸಿಟ್ಸ್ಕಿಯವರ ಹೆಸರನ್ನಿಟ್ಟರು.

ಈ ಖನಿಜವು ವಿರಳವಾಗಿರುವುದಕ್ಕೆ ಕಾರಣವು ಅದರ ಸ್ವಭಾವದಲ್ಲಿಯೇ ಇದೆ. ಸಾಧಾರಣ ಉಷ್ಣತೆಯಲ್ಲಿ ಅದು ಸ್ಥಿರವಲ್ಲ. ಉಂಗುರಗಳು ಸರಿದು ಕುಳಿತು, ಸಾಮಾನ್ಯ ಗಂಧಕವಾಗಿಬಿಡುತ್ತದೆ. ಹಾಗಿರಲಾಗಿ, ಅದು ಎಲ್ಲಿ ಉಳಿದಿದೆಯೋ ಅಲ್ಲಿ ಯಾವುದೋ ವಿಶೇಷ ಕಾರಣವಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡೆತ್ ವ್ಯಾಲಿ ಎಂಬ ಬೆಂಗಾಡು ಉಂಟು. ಅಲ್ಲಿಯ ಲವಣದ ಹೆಪ್ಪಿನೊಳಗೆ, ಸೂಕ್ಷ್ಮಜೀವಿಗಳು ವಾಸಿಸುವ ಪದರಗಳಲ್ಲಿ ಈ ಖನಿಜವು ದೊರೆತಿತೆಂದು 2002ರಲ್ಲಿ ಪ್ರಕಟವಾಯಿತು. ಬಹುಬೇಗ ಅಳಿಯಬೇಕಾದ ವಸ್ತುವು ಜೀವಿಗಳ ನೆರೆಯಲ್ಲಿ ಉಳಿದಿದ್ದುದರಿಂದ, ಇಂಥ ಖನಿಜವು ಜೀವದ ಇರವಿಗೆ ಕುರುಹಾಗಬಹುದೆಂದು ಸಂಶೋಧಕರು ಊಹಿಸಿದರು. ಪರಲೋಕವೆಂದರೆ ಇಲ್ಲಿ ಬೇರೆ ಗ್ರಹಗಳೇ. ಅಲ್ಲಿ ಜೀವವನ್ನು ಅರಸುವವರಿಗೆ ಇದು ಸಣ್ಣ ಮಾತಲ್ಲ.

ಪ್ರಾಧ್ಯಾಪಕ ರೊಸಿಟ್ಸ್ಕಿಯವರಾದರೋ ಈ ಬೆಳವಣಿಗೆಯನ್ನು ಕಾಣಲಿಲ್ಲ. ನಾಟ್ಸಿಗಳು ಅವರ ದೇಶವನ್ನು ಆಕ್ರಮಿಸಿದ ಕಾಲದಲ್ಲಿ ಸೆರೆಸಿಕ್ಕಿ, 1942ರಲ್ಲಿ ಆಸ್ಟ್ರಿಯದ ಮೌಟ್‌ಹೌಸನ್ ಯಾತನಾಶಿಬಿರದಲ್ಲಿ ಅವರು ಮಡಿದರು. ಹರಳುಗಳನ್ನು ಅಳೆದು ಅರಿಯುವುದಕ್ಕೆ ಬಾಳನ್ನು ಸವೆಸಿದ ಆ ವಿದ್ವಾಂಸರ ಹೆಸರನ್ನು, ತಾನೇ ನಿಲ್ಲಲಾರದ ಒಂದು ಖನಿಜವು ಇಂದಿಗೂ ಹೊತ್ತಿದೆ. ಗ್ರಂಧಿಗೆ ಅಂಗಡಿಯಲ್ಲಿ ಮುಂದೆ ಗಂಧಕದ ತುಂಡು ಕಣ್ಣಿಗೆ ಬಿದ್ದಾಗ, ಅದರ ಈ ದೂರದ ಬಂಧುವನ್ನೂ ಅವರನ್ನೂ ತಾವು ಒಮ್ಮೆ ನೆನೆಯಬಹುದು.