ಟೊಂಕ ಕಟ್ಟುವುದೋ, ತೊಡೆ ತಟ್ಟುವುದೋ?

(ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಮಾತಿನಲ್ಲಿ ಎರಡು ನುಡಿಗಟ್ಟುಗಳಿವೆ. ಕೆಲಸಕ್ಕೆ ಸಿದ್ಧನಾದವನು ಟೊಂಕ ಕಟ್ಟಿ ನಿಲ್ಲುತ್ತಾನೆ. ಸವಾಲು ಹಾಕುವವನು ತೊಡೆ ತಟ್ಟುತ್ತಾನೆ. ಮೊದಲನೆಯದನ್ನು ಹೊಲದಲ್ಲಿ ಕಾಣುತ್ತೇವೆ, ಎರಡನೆಯದನ್ನು ಜಾತ್ರೆಯ ಕುಸ್ತಿ ಕಣದಲ್ಲಿ. ಪಿಸ್ತೂಲನ್ನು ಮೈಮೇಲೆ ಎಲ್ಲಿ ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆಯೂ ಈ ಎರಡು ಜಾಗಗಳ ನಡುವಿನದೇ. ಠಾಣೆಯ ಅಧಿಕಾರಿಯ ಪಿಸ್ತೂಲಿನ ಒರೆ ಸೊಂಟದಲ್ಲಿರುತ್ತದೆ. ಟಿ.ವಿ.ಯಲ್ಲಿ ಕಾಣುವ ಕಮಾಂಡೊ ಅದನ್ನು ತೊಡೆಗೆ ಬಿಗಿದಿರುತ್ತಾನೆ. ಹುಡುಗರಿಗೆ ಎರಡನೆಯದೇ ಶೌರ್ಯದ ಗುರುತಾಗಿ ಕಾಣುತ್ತದೆ. ಹಾಗಾದರೆ ಇವೆರಡರಲ್ಲಿ ಯಾವುದು ಸರಿ?

ಮೊದಲು ನಮ್ಮ ಹಿಂದಿನವರನ್ನೇ ಕೇಳೋಣ. ಕನ್ನಡ ನಾಡಿನ ವೀರಗಲ್ಲುಗಳನ್ನು ಗಮನವಿಟ್ಟು ನೋಡಿ. ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕಾಳಗದ ಹಂತದಲ್ಲಿ ವೀರನ ಕೈಯಲ್ಲಿ ಕತ್ತಿಯೋ ಬಿಲ್ಲೋ ಇದ್ದರೂ, ಎಷ್ಟೋ ಕಲ್ಲುಗಳಲ್ಲಿ ಅವನ ನಡುಪಟ್ಟಿಗೆ ಒಂದು ಸಣ್ಣ ಸುರಗಿ ಸಿಕ್ಕಿಸಿರುತ್ತದೆ. ದೊಡ್ಡ ಆಯುಧ ಕೈಜಾರಿದಾಗ ಪ್ರಾಣ ಉಳಿಸಬೇಕಾದದ್ದು ಅದು. ಇಲ್ಲೇ ಪಕ್ಕದ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶಸ್ತ್ರವಿನೋದಕ್ಕೇ ಒಂದು ಭಾಗವಿದೆ. ಆಯುಧ ಹಿಡಿಯುವುದನ್ನು ಕಲಿತು ಪಳಗಬೇಕಾದ ವಿದ್ಯೆ ಎಂದು ಆ ಕಾಲ ತಿಳಿದಿತ್ತು.

ಕೊಡಗಿಗೆ ಹೋದರೆ ಈ ಪದ್ಧತಿ ಇಂದಿಗೂ ಜೀವಂತ. ಕೊಡವರು ಕುಪ್ಯದ ಮೇಲೆ ಚೇಲೆ ಎಂಬ ನಡುಕಟ್ಟನ್ನು ಬಿಗಿದು, ಪೀಚೆಕತ್ತಿಯನ್ನು ಮುಂಭಾಗದಲ್ಲಿ ಸಿಕ್ಕಿಸುತ್ತಾರೆ. ಅಗಲ ಅಲಗಿನ ಒಡಿಕತ್ತಿ ಬೆನ್ನ ಹಿಂದೆ, ತೊಡಂಗ್ ಎಂಬ ಲೋಹದ ಹಿಡಿಕೆಯಲ್ಲಿ ನಿಲ್ಲುತ್ತದೆ. ಎರಡಕ್ಕೂ ಆಧಾರ ನಡುವೇ.

ಇದಕ್ಕೆ ಕಾರಣ ನಮ್ಮ ದೇಹದ ರಚನೆಯಲ್ಲೇ ಇದೆ. ಸೊಂಟದ ಮೂಳೆ ಮೈಭಾರವನ್ನು ಹೊರುವ ಬಟ್ಟಲಿನಂತೆ. ನಡೆಯುವಾಗ ಅದು ಅಲ್ಪಸ್ವಲ್ಪ ಅಲುಗುತ್ತದೆ, ಅಷ್ಟೇ. ತೊಡೆಯಾದರೋ ಹೆಜ್ಜೆ ಹೆಜ್ಜೆಗೂ ಮುಂದೆ ಹಿಂದೆ ತೂಗುತ್ತದೆ. ಗುಂಡು ತುಂಬಿದ ಪಿಸ್ತೂಲು ಸುಮಾರು ಒಂದು ಕಿಲೋ ಭಾರ. ಒಂದು ಕಿಲೋಮೀಟರು ನಡೆದರೆ ಒಂದೊಂದು ಕಾಲು ಸುಮಾರು 650 ಸಲ ಮುಂದೆ ಬರುತ್ತದೆ. ಅಷ್ಟು ಸಲವೂ ಆ ಒಂದು ಕಿಲೋವನ್ನು ಕಾಲೇ ಎಳೆಯಬೇಕು. ಪಟ್ಟಿ ಸಡಿಲವಾದರೆ ಒರೆ ತೊಡೆಗೆ ಬಡಿಯುತ್ತದೆ. ಬಿಗಿ ಮಾಡಿದರೆ ಕಾಲು ಜೋಮು ಹಿಡಿಯುತ್ತದೆ. ಓಡಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೆ ತೊಡೆಯ ಒರೆ ಏಕೆ ಹುಟ್ಟಿತು? ಅದಕ್ಕೂ ನ್ಯಾಯವಾದ ಕಾರಣವಿದೆ. ಗುಂಡು ತಡೆಯುವ ದಪ್ಪ ಕವಚ ತೊಟ್ಟವನಿಗೆ ಸೊಂಟದ ಜಾಗ ಮುಚ್ಚಿಹೋಗುತ್ತದೆ. ಅಲ್ಲಿ ಪಿಸ್ತೂಲಿದ್ದರೆ ಕೈ ಕವಚದ ಅಂಚಿಗೆ ತಡೆಯುತ್ತದೆ. ಆದ್ದರಿಂದ ಒರೆಯನ್ನು ಕೈ ಸಹಜವಾಗಿ ಇಳಿಬೀಳುವ ಕಡೆಗೆ ತಗ್ಗಿಸಿದರು. 1980ರಲ್ಲಿ ಲಂಡನ್ನಿನ ಇರಾನ್ ರಾಯಭಾರ ಕಚೇರಿಗೆ ನುಗ್ಗಿ ಒತ್ತೆಯಾಳುಗಳನ್ನು ಬಿಡಿಸಿದ ಬ್ರಿಟಿಷ್ ಕಮಾಂಡೊಗಳ ಚಿತ್ರಗಳಿಂದ ಈ ವೇಷ ಜಗತ್ತಿಗೆಲ್ಲ ಪರಿಚಯವಾಯಿತು. ಅಂಥವರಿಗೆ ಅದು ಕೆಲವು ಗಂಟೆಗಳ ಕಾರ್ಯಾಚರಣೆಯ ಉಡುಪು. ದಿನವಿಡೀ ಬಂದೋಬಸ್ತಿನಲ್ಲಿ ನಿಲ್ಲುವ ಪೇದೆಯ ಉಡುಪಲ್ಲ.

ಆಯುಧದ ಜಾಗ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ. ಹಳೆಯ ಯೂರೋಪಿನ ಸವಾರರ ಪಿಸ್ತೂಲುಗಳು ಬಹಳ ಭಾರವಾಗಿದ್ದುದರಿಂದ ಕುದುರೆಯ ಜೀನಿಗೇ ಕಟ್ಟಿದ ಒರೆಯಲ್ಲಿರುತ್ತಿದ್ದವು. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಮುಂದೆ ಇಂಥ ರಿವಾಲ್ವರುಗಳು ಹರಡಿದಂತೆ ಆಯುಧ ಜೀನಿನಿಂದ ಸವಾರನ ನಡುವಿಗೆ ಬಂತು. 1858ರಲ್ಲಿ ಭಾರತದ ಬಂಡಾಯದ ಕಾಳಗವೊಂದರಲ್ಲಿ ಸ್ಯಾಮ್ ಬ್ರೌನ್ ಎಂಬ ಸೇನಾಧಿಕಾರಿ ಎಡಗೈ ಕಳೆದುಕೊಂಡ. ಒಂದೇ ಕೈಯಿಂದ ಕತ್ತಿ ಹಿರಿಯುವಾಗ ಒರೆ ಅಲುಗದಂತೆ ಹೆಗಲ ಮೇಲಿಂದ ಅಡ್ಡಪಟ್ಟಿ ಹಾಯುವ ಸೊಂಟಪಟ್ಟಿಯೊಂದನ್ನು ರೂಪಿಸಿದ. ನಮ್ಮ ಪೊಲೀಸ್ ಅಧಿಕಾರಿಗಳ ಸಮವಸ್ತ್ರದಲ್ಲಿ ಕಾಣುವ ಅಡ್ಡಪಟ್ಟಿ ಅದರದೇ ಸಂತತಿ. ಒಬ್ಬ ಅಂಗವಿಕಲನ ಅಗತ್ಯ ಲಕ್ಷಾಂತರ ಜನರ ಉಡುಪಾಯಿತು. ಇನ್ನು ಸಿನಿಮಾದ ಕೌಬಾಯ್ ತೊಡೆಯವರೆಗೆ ಇಳಿಬಿಟ್ಟ ಒರೆ ಹೆಚ್ಚಾಗಿ ಹಾಲಿವುಡ್ಡಿನ ಕೊಡುಗೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪಿಸ್ತೂಲು ಇಟ್ಟುಕೊಂಡವನಿಗೆ ದೊಡ್ಡ ಭಯ ಇರಬೇಕಾದದ್ದು ಎದುರಾಳಿಯದಲ್ಲ, ತನ್ನ ಪಿಸ್ತೂಲು ಇನ್ನೊಬ್ಬನ ಕೈಗೆ ಹೋದೀತೆಂಬುದು. ಜಾತ್ರೆಯ ಗದ್ದಲ, ಬಸ್ ನಿಲ್ದಾಣದ ನೂಕುನುಗ್ಗಲು ನೆನೆಸಿಕೊಳ್ಳಿ. ಒರೆ ಸೊಂಟದಲ್ಲಿದ್ದರೆ ಮೊಣಕೈಯಿಂದಲೇ ಒತ್ತಿ ಹಿಡಿಯಬಹುದು. ಯಾರಾದರೂ ಮುಟ್ಟಿದರೆ ತಕ್ಷಣ ತಿಳಿಯುತ್ತದೆ. ತೊಡೆಯ ಮೇಲಿದ್ದರೆ ಅದು ಮೊಣಕೈಗೆ ಎಟುಕುವುದಿಲ್ಲ, ಪಕ್ಕದವನ ಕೈಗೆ ಮಾತ್ರ ಸುಲಭವಾಗಿ ಎಟುಕುತ್ತದೆ. ಕುರ್ಚಿಗೆ, ಬಾಗಿಲಿಗೆ, ಬೈಕಿಗೆ ತಗಲುವುದೂ ಹೆಚ್ಚು. ಸೊಂಟದ ಒರೆಗೂ ದೋಷವಿಲ್ಲದಿಲ್ಲ. ಜೀಪಿನಲ್ಲಿ ಬಹಳ ಹೊತ್ತು ಕುಳಿತರೆ ಪಕ್ಕೆಗೆ ಚುಚ್ಚುತ್ತದೆ. ಅದನ್ನು ಸಹಿಸಬಹುದು, ಆಯುಧ ಕಳೆದುಕೊಳ್ಳುವುದನ್ನು ಸಹಿಸಲಾಗದು. ಒರೆಯೇ ಇಲ್ಲದೆ ಪ್ಯಾಂಟಿನ ನಡುವಿಗೆ ಸಿಕ್ಕಿಸಿಕೊಳ್ಳುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಕುದುರೆಯನ್ನು ಮುಚ್ಚುವ ಗಟ್ಟಿ ಒರೆಯಿಲ್ಲದಿದ್ದರೆ ಬಟ್ಟೆಯ ಮಡಿಕೆಯೊಂದು ಸಾಕು, ಗುಂಡು ಸಿಡಿದು ಅವನ ಕಾಲಿಗೇ ತಗುಲಲು.

ಕಾನೂನು ಕೂಡ ಇದನ್ನೇ ಹೇಳುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಇದ್ದವರೂ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲನ್ನು ಒರೆಯಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿ ಒಯ್ಯಬೇಕು, ಅದರ ಮೇಲೆ ತಮ್ಮ ಹತೋಟಿ ಇರಬೇಕು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಮುಚ್ಚಿರಬೇಕು, ಹತೋಟಿಯಲ್ಲಿರಬೇಕು ಎಂಬ ಎರಡು ಮಾತುಗಳಲ್ಲಿ ಇಡೀ ವಿದ್ಯೆ ಅಡಗಿದೆ.

ಬೀದರ ಸೀಮೆಗೆ ಇದನ್ನು ಬೇರೆಯವರು ಬಂದು ಕಲಿಸಬೇಕಾಗಿಲ್ಲ. 1948ರಲ್ಲಿ ಮೊದಲು ರಜಾಕಾರರ ಹಾವಳಿ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡಿನ ಹಿಂಸೆ. ಎರಡರಲ್ಲೂ ಸತ್ತವರಲ್ಲಿ ಕೈಯಲ್ಲಿ ಏನೂ ಇಲ್ಲದವರೇ ಹೆಚ್ಚು. ತೋರಿಸಲೆಂದು ಹಿಡಿದ ಆಯುಧ ಊರಿಗೆ ಏನು ಮಾಡುತ್ತದೆ ಎಂಬುದನ್ನು ಇಲ್ಲಿಯ ಹಿರಿಯರು ತಮ್ಮ ಹಿರಿಯರ ಬಾಯಿಂದ ಕೇಳಿದ್ದಾರೆ.

ತಮ್ಮಂದಿರೇ, ನಾಳೆ ನಿಮ್ಮಲ್ಲಿ ಕೆಲವರು ಖಾಕಿ ತೊಡುತ್ತೀರಿ. ಕವಚ ತೊಟ್ಟು ನುಗ್ಗುವ ಪಡೆಗೆ ಸೇರಿದರೆ ತೊಡೆಯ ಒರೆಯನ್ನು ಇಲಾಖೆಯೇ ಕೊಟ್ಟು ಅಭ್ಯಾಸ ಮಾಡಿಸುತ್ತದೆ. ಉಳಿದ ಎಲ್ಲರಿಗೂ ಸೊಂಟವೇ ಸಾಕು. ನಿಮ್ಮನ್ನು ನೋಡಿದ ಜನಕ್ಕೆ ಮೊದಲು ಮುಖ ಕಾಣಲಿ, ಪಿಸ್ತೂಲು ಆಮೇಲೆ. ಟೊಂಕ ಕಟ್ಟಿ ನಿಲ್ಲಿ, ತೊಡೆ ತಟ್ಟುವುದನ್ನು ಕುಸ್ತಿಯ ಕಣಕ್ಕೆ ಬಿಡಿ.